ಮೊದಲಿಂದಲೂ ಇದ್ದ ಸ್ಟೂಲು

ಮಾರ್ಚ್ ೧೧, ಮಂಗಳವಾರ

‘ಮೊದಲಿಂದಲೂ’ ಎಂಬ ಮಾತು ಕೇಳಿದರೆ ಈಗೀಗ ಮೈಯೆಲ್ಲ ಉರಿಯುತ್ತದೆ. ಎರಡನೇ ಹೆಂಡತಿಯಾಗಿ ಈ ಮನೆಗೆ ಬಂದಾಗಿನಿಂದ, ಒಂದು ಡಬ್ಬಿ ಸರಿಸಿದರೂ ಇವರ ಮಗಳು, “ಆಂಟಿ, ಅದು ಮೊದಲಿಂದ್ಲೂ ಅಲ್ಲೇ ಇರೋದು” ಎನ್ನುತ್ತಾಳೆ. ಮೊದಲು ಎಂದರೆ ಅವಳ ಅಮ್ಮ ಇದ್ದಾಗ. ಡಬ್ಬಿಯನ್ನು ಇದ್ದಲ್ಲೇ ಇಡುತ್ತೇನೆ.

ಇವತ್ತು ಅವಳ ಗೆಳತಿ ಬಂದು ಅಡುಗೆಮನೆಯಲ್ಲಿ ಕೂತಿದ್ದಳು.

“ಈ ಸ್ಟೂಲು ಚೆನ್ನಾಗಿದೆ ಕಣೇ, ಹೊಸದಾ?”

“ಅಯ್ಯೋ, ಅದು ಮೊದಲಿಂದ್ಲೂ ಇದೆ.”

ನಮ್ಮಪ್ಪ ಕೈಯಾರೆ ಮಾಡಿಕೊಟ್ಟ ಸ್ಟೂಲು ಅದು, ನಾನು ತವರಿನಿಂದ ತಂದದ್ದು. ಹುಡುಗಿಯರಿಗೆ ಕಾಫಿ ಬೆರೆಸಿಕೊಟ್ಟೆ. ಈಗ ಅದರ ಮೇಲೆ ಕೂತೇ ಬರೆಯುತ್ತಿದ್ದೇನೆ. ಇದೂ ನಾನೂ ಒಂದೇ ದಿನ, ಒಂದೇ ಗಾಡಿಯಲ್ಲಿ ಬಂದಿಳಿದವರು. ಇದು ಆಗಲೇ ಈ ಮನೆಯದಾಗಿಬಿಟ್ಟಿದೆ. ನಾನಿನ್ನೂ ಆಂಟಿ.