ಯಂತ್ರ ಒಪ್ಪದ ನನ್ನ ಮದುವೆ

ವಿವಾಹ ನೋಂದಣಿ ಮಾಡುವ ಮಾನ್ಯ ಅಧಿಕಾರಿಗಳೇ,

ನನ್ನ ಮದುವೆಯಾಯಿತು! ಅಕ್ಷತೆ ಬಿತ್ತು, ಊರು ಉಂಡಿತು, ಕಾಲುಂಗುರದ ಸದ್ದು ನನಗೇ ಇನ್ನೂ ಹೊಸದು. ಇಡೀ ಸವದತ್ತಿ ಸೀಮೆಯಲ್ಲಿ ಈ ಶುಭ ಸುದ್ದಿಯನ್ನು ಒಪ್ಪದಿರುವುದು ಒಂದೇ ಒಂದು, ನಿಮ್ಮ ಮೇಜಿನ ಮೇಲಿನ ಯಂತ್ರ. ನನಗೆ "ಗಮನವಿಲ್ಲ", ನನ್ನ ಗಂಡನಿಗೆ "ಗಮನ ಬೇರೆಡೆ", ಆದ್ದರಿಂದ "ಸಮ್ಮತಿ ಸಂದೇಹಾಸ್ಪದ" ಎಂದು ಕೆಂಪು ದೀಪ ಹೊತ್ತಿಸಿ ಅದು ನಮ್ಮ ಅರ್ಜಿಯನ್ನು ತಿರಸ್ಕರಿಸಿದೆ.

ನಾನು ಯಂತ್ರದ್ವೇಷಿಯಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕಣ್ಣು ಎತ್ತ ತಿರುಗಿತು, ರೆಪ್ಪೆ ಯಾವಾಗ ಬಡಿಯಿತು, ತಲೆ ಎಷ್ಟು ಬಾಗಿತು ಎಂದು ಅಳೆದು ಮನುಷ್ಯನ ಗಮನವನ್ನು ಹೇಳುವ ಸೆನ್ಸರ್ ಎಂದರೆ ನನಗೂ ಬೆರಗೇ. ಬಲವಂತದ ಮದುವೆ ತಡೆಯಲು ಅದನ್ನು ತರಿಸಿದ್ದೀರಿ ಎಂದು ಗೋಡೆಯ ಮೇಲೆ ಬರೆದಿದೆ. ಎಂಥ ಒಳ್ಳೆಯ ಉದ್ದೇಶ! ಅಂದು ಅದರ ಮುಂದೆ ನಡೆದದ್ದನ್ನು ಮಾತ್ರ ಕೇಳಿ.

ನಾನು ಕುಳಿತ ಕೂಡಲೇ ಅತ್ತೆ ಸತ್ಯವ್ವ ನನ್ನ ಸೆರಗನ್ನು ಹಣೆಯವರೆಗೆ ಎಳೆದರು. "ತಲಿ ತಗ್ಗಸವಾ, ಹಿರ್ಯಾರು ಕುಂತಾರ."

ನಿಮ್ಮ ಗುಮಾಸ್ತರು, "ಮೇಡಮ್ಮಾರ, ತಲಿ ಎತ್ರಿ. ಕಣ್ಣ ಕಾಣವಲ್ದು ಅಂತೈತಿ ಮಶಿನ್ನು" ಎಂದರು.

"ನಾಕ್ ಮಂದಿ ಮುಂದ ಹೊಸಾ ಸೊಸಿ ಕಣ್ಣ ಪಿಳಿಪಿಳಿ ಬಿಟ್ಕೊಂಡು ಕುಂದ್ರಬೇಕೇನ್ರಿ?" ಎಂದರು ಅತ್ತೆ.

"ನನಗ್ಯಾಕ ಬೈತೀರಿ ಅವ್ವಾರ, ಮಶಿನ್ನಿಗೆ ಕೇಳ್ರಿ."

ಅತ್ತೆ ನಿಜಕ್ಕೂ ಯಂತ್ರದ ಕಡೆ ತಿರುಗಿದರು. "ಏನಪಾ, ನಿಮ್ಮ ಮನ್ಯಾಗ ಹಿರ್ಯಾರಿಲ್ಲೇನು?" ನನಗೆ ನಗು ತಡೆಯಲಾಗಲಿಲ್ಲ. ಸೆರಗಿನೊಳಗೆ ಭುಜ ಕುಲುಕಿತು. ಯಂತ್ರ ಅದನ್ನು ಅಳು ಎಂದು ಬರೆದುಕೊಂಡಿತು!

ಇನ್ನು ನನ್ನವರು. (ಅತ್ತೆ ಹತ್ತಿರದಲ್ಲಿಲ್ಲ, ಹೆಸರು ಹೇಳಿಬಿಡುತ್ತೇನೆ: ಕಲ್ಮೇಶ!) ಯಂತ್ರದ ಪರದೆ ನೋಡಬೇಕಾದ ಹೊತ್ತಿನಲ್ಲೆಲ್ಲ ಅವರು ನನ್ನನ್ನು ನೋಡುತ್ತಿದ್ದರು. ಮದುವೆಯಾಗಿ ವಾರವೂ ತುಂಬದ ಗಂಡ ಹೆಂಡತಿಯನ್ನು ಬಿಟ್ಟು ಗಾಜಿನ ಡಬ್ಬಿಯನ್ನು ನೋಡಿದ್ದರೆ, ಸಂದೇಹ ಪಡಬೇಕಾದವಳು ನಾನು!

ಅಂದು ಹಸಿರು ದೀಪ ಗಳಿಸಿದವರು ಸಾಕ್ಷಿಗೆ ಬಂದಿದ್ದ ಬಸಯ್ಯಜ್ಜ ಮಾತ್ರ. "ಪೂರ್ಣ ಗಮನ." ಗುಮಾಸ್ತರು ಮೆಚ್ಚಿ, "ಅಜ್ಜಾರ, ಹಿಂಗ ಕುಂದ್ರಬೇಕ ನೋಡ್ರಿ" ಎಂದಾಗ ಅಜ್ಜನಿಂದ ಗೊರಕೆ ಹೊರಟಿತು. ಅವರು ಕಣ್ಣು ತೆರೆದೇ ನಿದ್ದೆ ಮಾಡುತ್ತಾರೆ, ನನ್ನ ಅತ್ತೆಯ ಊರು ಚಚಡಿಯಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಯಂತ್ರದ ಲೆಕ್ಕದಲ್ಲಿ ಈ ಮದುವೆಗೆ ಮನಸಾರೆ ಒಪ್ಪಿದವರು ಬಸಯ್ಯಜ್ಜ ಒಬ್ಬರೇ. ಅವರ ಹೆಂಡತಿ ಇಂದ್ರವ್ವಜ್ಜಿಗೆ ಇದನ್ನು ಯಾರು ಹೇಳುವುದು?

ನಗು ಬದಿಗಿರಲಿ. ಮನೆಯವರು ಹೆದರಿಸಿ ಕರೆತಂದ ಹುಡುಗಿ ಏನು ಮಾಡುತ್ತಾಳೆಂದು ಯೋಚಿಸಿದ್ದೀರಾ? ಹೇಳಿಕೊಟ್ಟಂತೆ ತಲೆ ಎತ್ತಿ ಪರದೆಯನ್ನೇ ನೋಡುತ್ತಾಳೆ. ಅವಳಿಗೆ ಹಸಿರು ದೀಪ! ಕಣ್ಣು ಎಲ್ಲಿದೆ ಎಂದು ಯಂತ್ರ ಅಳೆದೀತು. ಮನಸ್ಸು ಎಲ್ಲಿದೆ ಎಂದು ತಿಳಿಯಬೇಕಾದರೆ ಬಾಯಿಬಿಟ್ಟು ಕೇಳಬೇಕು. ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ನನ್ನನ್ನು ಕೇಳಿದರೇ? ನಾನೇ ನಿಮ್ಮ ಕೋಣೆಗೆ ಬಂದು ಹೇಳಿಕೊಂಡಾಗ, ತಾವು ಮೊಬೈಲಿನಿಂದ ಕಣ್ಣೆತ್ತದೆ "ಮುಂದಿನ ತಿಂಗಳು ಬರ್ರಿ" ಎಂದಿರಿ. ಆಗ ಯಾವ ಕೆಂಪು ದೀಪವೂ ಹೊತ್ತಲಿಲ್ಲ.

ತಾವು ಹೇಳಿದ ಆ ಮುಂದಿನ ತಿಂಗಳು ಆಷಾಢ. ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದೆಂದು ನನ್ನನ್ನು ದಾವಣಗೆರೆಯ ತವರಿಗೆ ಕಳಿಸಿದರು. ನನ್ನವರಿಗೆ ನವಿಲುತೀರ್ಥದ ಅಣೆಕಟ್ಟಿನಲ್ಲಿ ನೌಕರಿ. ಅಲ್ಲಿ ಸಂಸಾರಸ್ಥರ ಕ್ವಾರ್ಟರ್ಸ್ ಒಂದು ಖಾಲಿಯಿದೆ, ಆದರೆ ನಿಮ್ಮ ಪ್ರಮಾಣಪತ್ರ ತೋರಿಸಿದರೆ ಮಾತ್ರ ಬೀಗದ ಕೈ. ಇಲ್ಲವಾದರೆ ಶ್ರಾವಣ ಬಂದರೂ ಅವರು ಇನ್ನಿಬ್ಬರು ಬ್ರಹ್ಮಚಾರಿಗಳ ಜೊತೆ ಒಂದೇ ಕೋಣೆಯಲ್ಲಿ, ನಾನು ಚಚಡಿಯಲ್ಲಿ. ಆಷಾಢಕ್ಕಾದರೂ ಕೊನೆಯ ದಿನವಿದೆ. ನಿಮ್ಮ ಕೆಂಪು ದೀಪಕ್ಕೆ?

ಆದ್ದರಿಂದ ಆ ಯಂತ್ರದ ಮೇಲೆ ಒಂದು ಬಟ್ಟೆ ಹೊದಿಸಿ. ಅದೂ ಸ್ವಲ್ಪ ದಿನ ಸೆರಗು ಹೊದ್ದು ಕೂರಲಿ. ವಧು ಯಾರೇ ಆಗಲಿ, ಅವಳೊಬ್ಬಳನ್ನೇ ಒಳಗೆ ಕರೆಯಿರಿ. ಒಬ್ಬ ಹೆಣ್ಣುಮಗಳು ಬಾಗಿಲು ಮುಂದೆ ಮಾಡಿ, "ನಿನಗ ಮನಸ ಐತೇನವಾ?" ಎಂದು ಕೇಳಲಿ. ನನ್ನ ಉತ್ತರವನ್ನು ನಾನೇ ತರುತ್ತಿದ್ದೇನೆ, ತಲೆ ಎತ್ತಿಕೊಂಡು: ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ, ಧಾರವಾಡಕ್ಕೆ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ, ಅಲ್ಲಿಂದ ಸವದತ್ತಿಯ ಬಸ್ಸಿನಲ್ಲಿ.

ಇಂತಿ,
ಊರಿಗೆಲ್ಲ ಸೌಭಾಗ್ಯವತಿ, ನಿಮ್ಮ ಕಡತದಲ್ಲಿ ಇನ್ನೂ ಕುಮಾರಿ,
ಐಶ್ವರ್ಯಾ