ಇಂಟು ಗುರ್ತು

ಬ್ಯಾಟರಾಯನಪುರ
18 ಮಾರ್ಚ್ 1962

ನನ್ನ ತಾಹೆರಾಗೆ,

ನಿನ್ನ ಮುನಿಗಂಗಿ ಮಾಡೋ ಸಲಾಮು. ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾಯ್ತು. ಬಯ್ಕೊಂಡಿರ್ತೀಯ, ಬಯ್ಕೋ. ಬರೆಯೋಕೆ ಕೈಯೇ ಬರಲಿಲ್ಲ ಕಣೇ. ಅರಸೀಕೆರೆ ನೀರು ಮಗೂಗೆ ಒಗ್ತಾ? ನಿಮ್ಮ ಯಜಮಾನ್ರಿಗೆ ರೈಲ್ವೆ ಕ್ವಾರ್ಟರ್ಸ್ ಸಿಕ್ತಾ?

"ನಮ್ಮ ಚನ್ನಕೇಶವ ಮೇಷ್ಟ್ರು ಗೆದ್ರಾ?" ಅಂತ ಕೇಳಿದ್ದೆ. ಇಲ್ಲ ತಾಹೆರಾ. ಮೂವತ್ತೊಂದು ಓಟಿಗೆ ಸೋತ್ರು.

ಎಂಥಾ ಮನುಷ್ಯ ಅಂತೀನಿ! ಕಾಲೇಜಲ್ಲಿ ಗಣಿತದ ಪ್ರೊಫೆಸರು. ಬಿ.ಎಸ್ಸಿ. ಹುಡುಗರಿಗೆ ಪಾಠ ಹೇಳೋರು, ಸಾಯಂಕಾಲ ಹೆಬ್ಬಾಳದ ಕೆರೆ ಏರಿ ಮೇಲೆ ಸೈಕಲ್ ತುಳ್ಕೊಂಡು ಬಂದು, ಸಗಣಿ ಕೈ ತೊಳ್ಕೊಂಡು ಕೂತ ನಮಗೆ ಅ ಆ ತಿದ್ದಿಸ್ತಿದ್ರು. ಐವತ್ತೇಳರಲ್ಲಿ ಎಮ್ಮೆಲ್ಲೆ ಆದಾಗ ಕಾಲೇಜಿಗೆ ರಜ ಹಾಕಿದ್ರು, ನಮ್ಮ ಪಾಠಕ್ಕೆ ಹಾಕಲಿಲ್ಲ. ಒಂದಿನ ವಿಧಾನಸೌಧದಲ್ಲಿ ಎದ್ದು ನಿಂತು, ಮಂತ್ರಿಗಳ ಲೆಕ್ಕ ತಪ್ಪು ಅಂದ್ರಂತೆ. ಮಾರನೇ ದಿನ ನನ್ನ ಕೂಡೋ ಲೆಕ್ಕ ತಪ್ಪು ಅಂದ್ರು! ಮಂತ್ರಿಗೂ ನನಗೂ ಒಂದೇ ಮರ್ಯಾದೆ ಕಣೇ.

ಈ ಸಲ ಓಟು ಹಾಕೋ ರೀತಿನೇ ಬದಲಾಯ್ತು. ಮುಂಚೆ ಒಬ್ಬೊಬ್ಬರಿಗೂ ಒಂದೊಂದು ಡಬ್ಬ, ಬೇಕಾದೋರ ಡಬ್ಬಕ್ಕೆ ಚೀಟಿ ಹಾಕಿ ಬರ್ತಿದ್ವಿ. ಈಗ ಒಂದೇ ಚೀಟೀಲಿ ಎಲ್ಲರ ಗುರ್ತು, ಬೇಕಾದೋರ ಮೇಲೆ ಮೊಹರು ಒತ್ತಬೇಕಿತ್ತು. ಆ ಮೊಹರು ಯಾವುದು ಗೊತ್ತಾ? ಇಂಟು! ನಮ್ಮ ಸ್ಲೇಟಲ್ಲಿ ತಪ್ಪು ಬಂದ್ರೆ ಮೇಷ್ಟ್ರು ಎಳೀತಿದ್ರಲ್ಲ, ಅದೇ ಇಂಟು. ಮೇಷ್ಟ್ರ ಹೂವಿನ ಗುರ್ತಿನ ಮೇಲೆ ತಪ್ಪು ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳು? ನಮ್ಮ ಕ್ಲಾಸಿನ ಹೆಂಗಸ್ರೆಲ್ಲ ಎದುರಾಳಿಯ ಏಣಿ ಮೇಲೆ ಒತ್ತಿ, ಮೀಸೆ ತಿರುವೋದೊಂದು ಬಾಕಿ, ಹಂಗೆ ಆಚೆ ಬಂದ್ರು.

ಎಣಿಕೆ ಆದ ದಿನ ಸಾಯಂಕಾಲ ಮೇಷ್ಟ್ರು ಎಂದಿನಂಗೆ ಕ್ಲಾಸಿಗೆ ಬಂದ್ರು. ದೊಡ್ಡಮುನಿಯಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡು, "ಅದೆಂಗ್ ಸೋತ್ರಿ ಸ್ವಾಮಿ? ಆ ಏಣಿಯೋನ್ಗೆ ನಾವೆಲ್ಲ ಇಂಟು ಆಕ್ ಬಂದ್ವಲ್ಲ!" ಅಂದ್ಳು.

ಮೇಷ್ಟ್ರು ನಕ್ಕುಬಿಟ್ರು. "ತಪ್ಪು ನನ್ನದೇ ತಾಯಿ. ಇಂಟು ಅಂದ್ರೆ ಗುಣಿಸೋದೂ ಹೌದು ಅಂತ ನಾನು ಹೇಳಿಕೊಡಲೇ ಇಲ್ಲ" ಅಂತ ಸೀಮೆಸುಣ್ಣ ತಗೊಂಡು, ಬೋರ್ಡಿನ ಮೇಲೆ ಎರಡು ಇಂಟು ಎರಡು ಬರೆದ್ರು. ಯಾರನ್ನೂ ಒಂದು ಮಾತು ಅನ್ನಲಿಲ್ಲ. ಸೋತ ದಿನ ಪಾಠ ಮಾಡೋ ಜನ ಇರ್ತಾರಾ ತಾಹೆರಾ?

ಜೂನಿಗೆ ಮತ್ತೆ ಕಾಲೇಜಿನ ಕೆಲಸವಂತೆ, ಅದೂ ಮೈಸೂರಲ್ಲಿ. ಇನ್ನು ಈ ಕಡೆ ಬರೋದು ಅಪರೂಪ.

ಮಗೂಗೆ ಮುತ್ತು. ನಿನ್ನ ಅಲ್ಲಾ, ನಮ್ಮ ಊರಮ್ಮ, ಇಬ್ರೂ ಸೇರಿ ನಿನ್ನ ಮನೆ ತಣ್ಣಗಿಟ್ಟಿರಲಿ.

ನಿನ್ನ
ಮುನಿಗಂಗಮ್ಮ

ಇನ್ನೊಂದು ಮಾತು. ಓಟಿನ ಹಿಂದಿನ ದಿನ ಮಾದರಿ ಚೀಟಿ ನೋಡಿ, ಮನೆಮನೆಗೂ ಹೋಗಿ "ಏಣಿ ಮೇಲೆ ಇಂಟು ಹಾಕ್ರಮ್ಮಾ" ಅಂತ ಹೇಳಿಕೊಟ್ಟೋಳು ನಾನೇ. ಓದು ಬಲ್ಲೋಳು ಅಂತ ಎಲ್ಲರೂ ನಂಬಿದ್ರು. ಮೇಷ್ಟ್ರಿಗೆ ಇದು ಗೊತ್ತಿಲ್ಲ. ಮೊನ್ನೆ ಕರೆದು, "ಇನ್ಮೇಲೆ ಕ್ಲಾಸು ನೀನೇ ನಡೆಸಬೇಕು ಗಂಗಮ್ಮ, ನಿನ್ನ ಬಿಟ್ರೆ ಯಾರಿದ್ದಾರೆ?" ಅಂತ ಸೀಮೆಸುಣ್ಣದ ಡಬ್ಬ ನನ್ನ ಕೈಗೆ ಕೊಟ್ರು. ಈಸ್ಕೊಂಡೆ.