ಡೊಳ್ಳುಹೊಟ್ಟೆಯ ಎಂಜಿನ್

ಇನ್ನೂ ಅಳಿಯನಾಗದ ಅಳಿಯದೇವರಿಗೆ, ಹುಡುಗಿಯ ಸೋದರಮಾವನ ಆಶೀರ್ವಾದಗಳು.

ನಾನು ಓದಿದ್ದು ಊರ ಶಾಲೆಯ ಏಳನೇ ಕ್ಲಾಸು. ಆದರೂ ವಿಮಾನದ ವಿಷಯದಲ್ಲಿ ನಮ್ಮ ಬೀದಿಯಲ್ಲಿ ನನ್ನೆದುರು ಬಾಯಿ ತೆರೆಯುವವರಿಲ್ಲ. ಹಳೇ ಪ್ರೊಪೆಲರ್ ವಿಮಾನಕ್ಕೆ ಆ ಕಾಲದಲ್ಲೇ ಜೆಟ್ ಎಂಜಿನ್ ಹಾಕಿದ್ದರೆ ಹೇಗಿರುತ್ತಿತ್ತು ಎಂದು ನೀನೂ ನಮ್ಮ ಹುಡುಗಿಯೂ ಸ್ಪರ್ಧೆಗೆ ನಕ್ಷೆ ಬರೆಯಲು ಕೂತಿರಿ. ಒಳ್ಳೆಯದೇ. ಆದರೆ ನೀನು ಆರಿಸಿದ ಸಣಕಲು ಎಂಜಿನ್ ಹುಟ್ಟಿದ್ದೇ ಆ ವಿಮಾನ ಮುದಿಯಾದ ಮೇಲೆ. ಅಪ್ಪ ಅಮ್ಮನ ಮದುವೆ ಫೋಟೋದಲ್ಲಿ ಮಗಳನ್ನು ನಿಲ್ಲಿಸಿದ ಹಾಗಾಯಿತಲ್ಲಪ್ಪಾ!

"ಯಾವ ಕಾಲಕ್ಕೆ ಏನು ಅಂತ ಗೊತ್ತಿಲ್ಲದೋನ ಜೊತೆ ಹೇಗೆ ಬಾಳೋದು ಮಾವಾ? ಈ ಮದುವೆ ಬೇಡ" ಎಂದು ಅವಳು ಹಟ ಹಿಡಿದಿದ್ದಾಳೆ. ನೀನೂ ಮುನಿಸಿಕೊಂಡು ಇತ್ತ ತಲೆ ಹಾಕಿಲ್ಲ.

ಆ ಕಾಲದ ಎಂಜಿನ್ನನ್ನೇ ಒಪ್ಪಿಕೋ. ಅದಕ್ಕೂ ನನ್ನ ಹಾಗೆ ಡೊಳ್ಳುಹೊಟ್ಟೆ, ಮೇವು ಜಾಸ್ತಿ, ಸದ್ದೂ ಜಾಸ್ತಿ. ಅಷ್ಟಕ್ಕೇ ನನ್ನ ಹೆಂಡತಿ ನನ್ನನ್ನು ಬಿಟ್ಟುಹೋದಳೇ?

ನಿನ್ನೆ ಹುಡುಗಿಯ ಮೇಜಿನ ಮೇಲಿದ್ದ ನಕ್ಷೆಯನ್ನು ಇಣುಕಿ ನೋಡಿದೆ. ವಿಮಾನದ ಹೊಟ್ಟೆಯನ್ನು ಆಗಲೇ ಅಗಲ ಮಾಡಿ, ಎಂಜಿನ್ನಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಾಳೆ. ಪಕ್ಕದಲ್ಲಿ ನಿನ್ನ ಕುರ್ಚಿಯೂ ಹಾಗೇ ಇದೆ.

ಭಾನುವಾರ ಪೆನ್ಸಿಲ್ ಚೂಪು ಮಾಡಿಕೊಂಡು ಬಾ. ನಾನು ಬರೆದೆ ಎಂದು ಮಾತ್ರ ಬಾಯಿ ಬಿಡಬೇಡ.

ಇಂತಿ,
ನಿಮ್ಮ ಮದುವೆ ಊಟಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡಿರುವ ಮಾವ